ಎರಡು ತುಂಡಿನ ಕೀಲಿಮಣೆ ಕಟ್ಟಿಕೊಳ್ಳಲು ಹೊರಟಿದ್ದೇನೆ: 42 ಕೀಲಿಗಳು ಸಾಕೇ, 58 ಬೇಕೇ?

ಪ್ರಶ್ನೆ

ನಮಸ್ಕಾರ. ದಿನದ ಬಹುಪಾಲು ಕೋಡ್ ಬರೆಯುವ ಕೆಲಸ ನನ್ನದು. ಸಾಮಾನ್ಯ ಕೀಲಿಮಣೆಯ ಮುಂದೆ ಕುಳಿತಾಗ ಎರಡೂ ಮಣಿಕಟ್ಟುಗಳು ಹೊರಕ್ಕೆ ಬಾಗಿಕೊಂಡೇ ಇರುತ್ತವೆ, ಸಂಜೆಯ ಹೊತ್ತಿಗೆ ಬಲಗೈಯ ಕಿರುಬೆರಳು ಸೋತುಹೋಗುತ್ತದೆ. ಆದ್ದರಿಂದ ಎರಡು ಭಾಗಗಳಾಗಿ ಒಡೆದ ಕೀಲಿಮಣೆಯೊಂದನ್ನು ನಾನೇ ಬೆಸುಗೆ ಹಾಕಿ ಕಟ್ಟಿಕೊಳ್ಳಬೇಕೆಂದಿದ್ದೇನೆ. 42 ಕೀಲಿಗಳ ಕೋರ್ನ್ ಮತ್ತು 58 ಕೀಲಿಗಳ ಸೋಫ್ಲೆ, ಈ ಎರಡರ ನಡುವೆ ಮನಸ್ಸು ತೂಗಾಡುತ್ತಿದೆ. 42ರಲ್ಲಿ ಅಂಕಿಗಳ ಸಾಲೇ ಇಲ್ಲವಾದ್ದರಿಂದ ಕೋಡ್‌ಗೆ ಬೇಕಾದ ಆವರಣಗಳನ್ನೂ ಚಿಹ್ನೆಗಳನ್ನೂ ಎಲ್ಲಿ ಇಟ್ಟುಕೊಳ್ಳುವುದು? ಬಳಸುತ್ತಿರುವವರು ದಯವಿಟ್ಟು ತಿಳಿಸಿ.

ಉತ್ತರ 1

ನೀವು ಹೇಳಿರುವುದು ಒಂದು ತೊಂದರೆಯಲ್ಲ, ಎರಡು. ಅವೆರಡಕ್ಕೂ ಪರಿಹಾರ ಬೇರೆ ಬೇರೆ. ಮಣಿಕಟ್ಟು ಹೊರಕ್ಕೆ ಬಾಗುವುದು ಎರಡು ಕೈಗಳೂ ಎದೆಯ ಮುಂದಿನ ಇಕ್ಕಟ್ಟಾದ ಜಾಗಕ್ಕೆ ಬಂದು ಸೇರಬೇಕಾಗಿರುವುದರಿಂದ. ಭಾಗಗಳನ್ನು ಭುಜದಗಲಕ್ಕೆ ಸರಿಸಿಟ್ಟರೆ ಅದು ಬಹುಮಟ್ಟಿಗೆ ನಿಲ್ಲುತ್ತದೆ. ಹೆಬ್ಬೆರಳಿನ ಕಡೆಯ ಅಂಚನ್ನು ಸ್ವಲ್ಪ ಎತ್ತರಿಸಿದರೆ ಅಂಗೈ ಪೂರ್ತಿ ನೆಲಮುಖವಾಗಿ ತಿರುಗಬೇಕಾದ ಒತ್ತಾಯವೂ ಕಡಿಮೆಯಾಗುತ್ತದೆ. ಇವೆರಡಕ್ಕೂ ಕೀಲಿಗಳ ಸಂಖ್ಯೆಗೂ ಸಂಬಂಧವಿಲ್ಲ.

ಕಿರುಬೆರಳಿನ ಕತೆ ಬೇರೆ. ಸಾಮಾನ್ಯ ಕೀಲಿಮಣೆಯಲ್ಲಿ ಬ್ಯಾಕ್‌ಸ್ಪೇಸ್, ಎಂಟರ್, ಬಲಗಡೆಯ ಶಿಫ್ಟ್, ಚೌಕ ಮತ್ತು ಸುರುಳಿ ಆವರಣಗಳು, ಉದ್ಧರಣ ಚಿಹ್ನೆ, ಅರ್ಧವಿರಾಮ, ಸಮಚಿಹ್ನೆ ಇವೆಲ್ಲವೂ ಬಲಗೈಯ ಕಿರುಬೆರಳೊಂದರ ಪಾಲಿಗೇ ಬಂದಿವೆ. ಕಾದಂಬರಿ ಬರೆಯುವವರಿಗೆ ಇದು ಅಷ್ಟು ಭಾರವಲ್ಲ, ಕೋಡ್ ಬರೆಯುವವರಿಗೆ ಸಾಲುಸಾಲಿಗೂ ಭಾರ. ಅತ್ತ ಎಲ್ಲಕ್ಕಿಂತ ಬಲವಾದ ಎರಡು ಹೆಬ್ಬೆರಳುಗಳು ಒಂದೇ ಸ್ಪೇಸ್ ಪಟ್ಟಿಯನ್ನು ಹಂಚಿಕೊಂಡು ಹೆಚ್ಚುಕಡಿಮೆ ಸುಮ್ಮನಿರುತ್ತವೆ. ಆದ್ದರಿಂದ ಎಂಟರ್, ಬ್ಯಾಕ್‌ಸ್ಪೇಸ್‌ಗಳನ್ನು ಹೆಬ್ಬೆರಳಿಗೆ ಕೊಟ್ಟು, ಚಿಹ್ನೆಗಳನ್ನು ಇನ್ನೊಂದು ಲೇಯರ್‌ನಲ್ಲಿ (ಒಂದು ಕೀಲಿಯನ್ನು ಹಿಡಿದಾಗ ಉಳಿದ ಕೀಲಿಗಳಿಗೆ ಬರುವ ಬೇರೆ ಅರ್ಥಗಳ ಪದರದಲ್ಲಿ) ಬೆರಳುಗಳು ವಿಶ್ರಮಿಸುವ ಸಾಲಿಗೇ ತಂದುಕೊಳ್ಳದ ಹೊರತು, ಒಡೆದ ಕೀಲಿಮಣೆಯಲ್ಲಿಯೂ ಕಿರುಬೆರಳು ಸೋಲುವುದು ತಪ್ಪುವುದಿಲ್ಲ. ದುಂಡು ಆವರಣದ ಜೋಡಿ ತೋರುಬೆರಳು ಮತ್ತು ನಡುಬೆರಳಿನ ಅಡಿಯಲ್ಲಿ, ಅದರ ಮೇಲಿನ ಸಾಲಿನಲ್ಲಿ ಸುರುಳಿ ಆವರಣ, ಕೆಳಗಿನ ಸಾಲಿನಲ್ಲಿ ಚೌಕ ಆವರಣ ಇಟ್ಟುಕೊಂಡರೆ ಕೈ ಬೇಗ ಒಗ್ಗುತ್ತದೆ. 58 ಕೊಂಡವರು ಹಳೆಯ ಜಾಗಗಳಿಗೇ ಬೆರಳು ಚಾಚುತ್ತ ಉಳಿದುಬಿಡುವುದನ್ನು ಸಾಕಷ್ಟು ನೋಡಿದ್ದೇನೆ. ನನ್ನ ಮತ 42ಕ್ಕೆ.

ಆದರೆ ಈಗಲೇ ಏನನ್ನೂ ಕೊಳ್ಳಬೇಡಿ. ಕನಾಟಾ ಅಥವಾ ಕೆಮೊನಾಡ್ ಎಂಬ ತಂತ್ರಾಂಶವನ್ನು ಈಗಿನ ಕೀಲಿಮಣೆಯ ಮೇಲೆಯೇ ಓಡಿಸಿ, ಸ್ಪೇಸ್ ಅನ್ನು ಒತ್ತಿಹಿಡಿದಾಗ ಚಿಹ್ನೆಗಳ ಲೇಯರ್ ತೆರೆಯುವಂತೆ ಮಾಡಿಕೊಂಡು ಕೆಲವು ವಾರ ಕೆಲಸ ಮಾಡಿ. ಲೇಯರ್‌ಗಳು ನಿಮಗೆ ಒಗ್ಗುತ್ತವೆಯೋ ಇಲ್ಲವೋ ಎಂಬುದು ಖರ್ಚಿಲ್ಲದೆ ತಿಳಿಯುತ್ತದೆ. ಬೆರಳುಗಳಲ್ಲಿ ಜೋಮು ಹಿಡಿಯುತ್ತಿದ್ದರೆ ಅಥವಾ ನೋವಿನಿಂದ ರಾತ್ರಿ ಎಚ್ಚರವಾಗುತ್ತಿದ್ದರೆ ಮಾತ್ರ ಮೊದಲು ವೈದ್ಯರನ್ನು ಕಾಣಿರಿ.

ಉತ್ತರ 2

ಮೇಲಿನ ವಿಶ್ಲೇಷಣೆಯನ್ನು ಒಪ್ಪುತ್ತೇನೆ, ತೀರ್ಮಾನವನ್ನಲ್ಲ. 58ರಲ್ಲಿ ಮೇಲಿನ ಸಾಲನ್ನು ಬಳಸದೆ ಬಿಡಬಹುದು. 42ಕ್ಕೆ ಸಾಲೊಂದನ್ನು ಸೇರಿಸಲಾಗುವುದಿಲ್ಲ. ಕೋಡ್‌ನ ದೋಷ ಹುಡುಕುವ ಡೀಬಗರ್‌ನಲ್ಲಿ ಫಂಕ್ಷನ್ ಕೀಲಿಗಳನ್ನು ಶಿಫ್ಟ್, ಕಂಟ್ರೋಲ್‌ಗಳೊಂದಿಗೆ ಸೇರಿಸಿ ಒತ್ತುವಾಗ ಲೇಯರ್ ಕೀಲಿಯನ್ನೂ ಹಿಡಿದಿರಬೇಕೆಂದರೆ ಕೈ ಗಂಟುಬೀಳುತ್ತದೆ.

ಇನ್ನೊಂದು ಎಚ್ಚರಿಕೆಯ ಮಾತು. ಕೀಲಿ ಕಡಿಮೆಯಾದಂತೆಲ್ಲ ಜನರು ಶಿಫ್ಟ್, ಕಂಟ್ರೋಲ್, ಆಲ್ಟ್‌ಗಳನ್ನು ನಡುಸಾಲಿನ ಅಕ್ಷರಗಳ ಮೇಲೆಯೇ ಕೂರಿಸುತ್ತಾರೆ: ತಟ್ಟಿದರೆ ಅಕ್ಷರ, ಹಿಡಿದರೆ ಕಂಟ್ರೋಲ್. ಕೀಲಿಮಣೆಯೊಳಗೇ ಓಡುವ ತಂತ್ರಾಂಶವಾದ (ಫರ್ಮ್‌ವೇರ್) ಕ್ಯೂಎಂಕೆಯಲ್ಲಿ ಈ ಎರಡನ್ನು ಬೇರ್ಪಡಿಸುವ ಅವಧಿ ಪೂರ್ವನಿಗದಿಯಾಗಿ 200 ಮಿಲಿಸೆಕೆಂಡ್. ವೇಗವಾಗಿ ಬರೆಯುವವರು ಒಂದು ಕೀಲಿಯಿಂದ ಬೆರಳೆತ್ತುವ ಮೊದಲೇ ಮುಂದಿನದನ್ನು ಒತ್ತಿರುತ್ತಾರೆ. ಹಾಗಾಗಿ ಫರ್ಮ್‌ವೇರ್ ತಟ್ಟಿದ್ದನ್ನು ಹಿಡಿದದ್ದೆಂದು ತಿಳಿದರೆ ಅಕ್ಷರದ ಬದಲು ಯಾವುದೋ ಆಜ್ಞೆ ನಡೆದುಹೋಗುತ್ತದೆ. ಎದುರುಗೈಯ ಕೀಲಿಯೊಂದಿಗೆ ಒತ್ತಿದಾಗ ಮಾತ್ರ ಹಿಡಿತವೆಂದು ಎಣಿಸುವ ನಿಯಮವನ್ನು ಕ್ಯೂಎಂಕೆ ಮತ್ತು ಅಂಥದೇ ಇನ್ನೊಂದು ಫರ್ಮ್‌ವೇರ್ ಆದ ಝಡ್‌ಎಂಕೆ ಎರಡರಲ್ಲಿಯೂ ಹಾಕಿಕೊಳ್ಳಬಹುದು. ಇದನ್ನು ಹಾಕದೆ ಆರಂಭಿಸುವುದು ವೃಥಾ ಹಿಂಸೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಕನಾಟಾ ಹಾಕಿಕೊಂಡು ನೋಡುತ್ತೇನೆ. ಮೊದಲೇ ಹೇಳಬೇಕಿದ್ದ ಸಂಗತಿಯೊಂದಿದೆ: ಇಂಗ್ಲಿಷನ್ನು ಅಕ್ಷರಗಳ ಜಾಗ ಬೇರೆಯಾಗಿರುವ ಕೋಲ್‌ಮ್ಯಾಕ್ ವಿನ್ಯಾಸಕ್ಕೆ ಬದಲಾಯಿಸುವ ಆಸೆಯಿದೆ, ಕನ್ನಡವನ್ನು ಭಾರತೀಯ ಭಾಷೆಗಳ ವಿನ್ಯಾಸವಾದ ಇನ್‌ಸ್ಕ್ರಿಪ್ಟ್‌ನಲ್ಲಿಯೇ ಬರೆಯುತ್ತೇನೆ. ಇವೆರಡೂ ಒಟ್ಟಿಗೆ ನಡೆಯುತ್ತವೆಯೇ? ತಂತಿಯಿಲ್ಲದ ಜೋಡಣೆಯ ಬಗೆಗೂ ಯಾರಾದರೂ ಹೇಳಿದರೆ ಉಪಕಾರವಾಗುತ್ತದೆ.

ಉತ್ತರ 3

ನಡೆಯುತ್ತವೆ, ಆದರೆ ಫರ್ಮ್‌ವೇರ್‌ನಲ್ಲಿ ಕೋಲ್‌ಮ್ಯಾಕ್ ಹಾಕಿ ಸುಮ್ಮನಾದರೆ ನಡೆಯುವುದಿಲ್ಲ. ಕೀಲಿಮಣೆಯು ಕಂಪ್ಯೂಟರಿಗೆ ಅಕ್ಷರವನ್ನಲ್ಲ, ಕೀಲಿಯ ಸಂಕೇತಸಂಖ್ಯೆಯನ್ನು ಕಳುಹಿಸುತ್ತದೆ. ಅದಕ್ಕೆ ಅಕ್ಷರ ಹಚ್ಚುವುದು ಕಂಪ್ಯೂಟರಿನ ಕಾರ್ಯಾಚರಣ ವ್ಯವಸ್ಥೆ. ಸಾಮಾನ್ಯ ಕ್ವರ್ಟಿ ವಿನ್ಯಾಸದಲ್ಲಿ ‘ಕೆ’ ಇದ್ದ ಜಾಗದಿಂದ ಕೋಲ್‌ಮ್ಯಾಕ್ ಫರ್ಮ್‌ವೇರ್ ‘ಇ’ಯ ಸಂಕೇತವನ್ನು ಕಳುಹಿಸುತ್ತದೆ, ಆಗ ಇನ್‌ಸ್ಕ್ರಿಪ್ಟ್‌ನಲ್ಲಿ ‘ಕ’ ಒತ್ತಿದವರಿಗೆ ದೀರ್ಘ ‘ಆ’ದ ಗುಣಿತ ಚಿಹ್ನೆ ಮೂಡುತ್ತದೆ. ಆದ್ದರಿಂದ ಕೋಲ್‌ಮ್ಯಾಕ್ ಅನ್ನು ಕಾರ್ಯಾಚರಣ ವ್ಯವಸ್ಥೆಯಲ್ಲಿ ಆರಿಸಿಕೊಳ್ಳಿ, ಇಲ್ಲವೇ ಕನ್ನಡಕ್ಕಾಗಿ ಕ್ವರ್ಟಿ ಕ್ರಮದ ಇನ್ನೊಂದು ಮೂಲ ಲೇಯರ್ ಇಟ್ಟುಕೊಳ್ಳಿ. ಎರಡನೆಯದು ನನಗೆ ಹೆಚ್ಚು ಇಷ್ಟ, ಏಕೆಂದರೆ ಕೋರ್ನ್‌ನಲ್ಲಿ ಇನ್ನೊಂದು ತೊಡಕಿದೆ: ಇನ್‌ಸ್ಕ್ರಿಪ್ಟ್‌ನ ‘ಡ’ ಇರುವುದು ತೆರೆಯುವ ಚೌಕ ಆವರಣದ ಕೀಲಿಯ ಮೇಲೆ, ಆ ಕೀಲಿ ಅಲ್ಲಿ ಇಲ್ಲವೇ ಇಲ್ಲ. ಕನ್ನಡದ ಲೇಯರ್‌ನಲ್ಲಿ ಬಲತುದಿಯ ಮೇಲಿನ ಕೀಲಿಗೆ ಅದನ್ನು ತಂದು, ಬ್ಯಾಕ್‌ಸ್ಪೇಸ್ ಅನ್ನು ಹೆಬ್ಬೆರಳಿಗೆ ಬಿಟ್ಟರೆ ಸರಿಹೋಗುತ್ತದೆ.

ತಂತಿ ಬೇಡವೆಂದರೆ ಎನ್‌ಆರ್‌ಎಫ್ 52840 ಚಿಪ್ ಇರುವ ನಿಯಂತ್ರಕ (ಕೀಲಿಗಳನ್ನು ಓದುವ ಪುಟ್ಟ ಫಲಕ) ಮತ್ತು ಝಡ್‌ಎಂಕೆ. ಕಂಪ್ಯೂಟರಿನೊಂದಿಗೆ ಮಾತಾಡುವ ಭಾಗದ ಬ್ಯಾಟರಿ ಇನ್ನೊಂದಕ್ಕಿಂತ ಬೇಗ ಮುಗಿಯುತ್ತದೆ. ತಂತಿ ಆಗಬಹುದೆಂದರೆ ಆರ್‌ಪಿ 2040 ನಿಯಂತ್ರಕ ಮತ್ತು ಕ್ಯೂಎಂಕೆ. ಹಳೆಯ ಪ್ರೊ ಮೈಕ್ರೊ ನಿಯಂತ್ರಕದ 32 ಕಿಲೋಬೈಟ್ ಜಾಗದಲ್ಲಿ, ಫರ್ಮ್‌ವೇರ್ ತುಂಬಿಸಿಕೊಳ್ಳುವ ಬೂಟ್‌ಲೋಡರ್ ಹೋಗಿ ಉಳಿಯುವುದು 28, ಪುಟ್ಟ ಪರದೆ, ದೀಪಗಳು ಸೇರಿದರೆ ಅದು ತುಂಬಿಬಿಡುತ್ತದೆ. ನಿಯಂತ್ರಕವನ್ನು ನೇರವಾಗಿ ಬೆಸೆಯದೆ ಸಾಕೆಟ್ ಮೇಲೆ ಕೂರಿಸಿದರೆ ಮುಂದೆ ಬದಲಿಸುವುದು ಸುಲಭ.

ಬೆಸುಗೆಯ ಕೆಲಸದಲ್ಲಿ ತಾಳ್ಮೆ ಬೇಕಾಗುವುದು ಡಯೋಡ್‌ಗಳಿಗೆ, ಅಂದರೆ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಪುಟ್ಟ ಬಿಡಿಭಾಗಗಳಿಗೆ. ಕೀಲಿಗಳನ್ನು ಸಾಲು ಮತ್ತು ಕಂಬಗಳ ಜಾಲವಾಗಿ ಓದುವುದರಿಂದ, ಹಲವು ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಒತ್ತದ ಕೀಲಿ ಒತ್ತಿದಂತೆ ಕಾಣದಿರಲು ಪ್ರತಿ ಕೀಲಿಗೂ ಒಂದು ಡಯೋಡ್ ಇರುತ್ತದೆ. ಅದರ ಒಂದು ತುದಿಯಲ್ಲಿರುವ ಪಟ್ಟೆಯು ಫಲಕದ ಮೇಲಿನ ಗುರುತಿಗೆ ಹೊಂದಬೇಕು. ಒಂದೇ ಕೀಲಿ ಸತ್ತಿದ್ದರೆ ಅದರ ಡಯೋಡ್ ಅಥವಾ ಸಾಕೆಟ್ ನೋಡಿ. ಇಡೀ ಸಾಲು ಸತ್ತಿದ್ದರೆ ನಿಯಂತ್ರಕದ ಪಿನ್ ನೋಡಿ. ಈ ಕೀಲಿಮಣೆಗಳ ಎಷ್ಟೋ ಕಿಟ್‌ಗಳಲ್ಲಿ ಒಂದೇ ಬಗೆಯ ಫಲಕವನ್ನು ಮಗುಚಿ ಎಡಕ್ಕೂ ಬಲಕ್ಕೂ ಬಳಸುತ್ತಾರೆ, ಆದ್ದರಿಂದ ಯಾವುದು ಯಾವ ಕೈಗೆ ಎಂದು ಬೆಸುಗೆಗೆ ಮೊದಲೇ ಟೇಪ್ ಅಂಟಿಸಿ ಬರೆದಿಡಿ. ಎರಡು ಭಾಗಗಳನ್ನು ಸೇರಿಸುವುದು ಹೆಡ್‌ಫೋನ್ ಮಾದರಿಯ ಟಿಆರ್‌ಆರ್‌ಎಸ್ ತಂತಿಯಾಗಿದ್ದರೆ, ಯುಎಸ್‌ಬಿ ಚುಚ್ಚಿರುವಾಗ ಅದನ್ನು ಎಳೆಯಲೂ ಬಾರದು, ಸೇರಿಸಲೂ ಬಾರದು: ತುದಿ ಒಳಗೆ ಜಾರುವಾಗ ವಿದ್ಯುತ್ತಿನ ಸಂಪರ್ಕ ಬೇರೆ ಸಂಪರ್ಕಗಳಿಗೆ ತಾಗಿ ನಿಯಂತ್ರಕ ಸುಟ್ಟುಹೋಗಬಹುದು.