ಪೆರಾಸೆಟಿಕ್ ಆಸಿಡ್ ನಾವೇ ಮಾಡ್ಕೋಬಹುದಾ? ಡ್ರಮ್ಮಲ್ಲಿ ಇಟ್ಟಿದ್ದು ಎಂತಕ್ಕೆ ಪವರ್ ಕಳ್ಕೊಳ್ತದೆ?

ಪ್ರಶ್ನೆ: ಮೇಡಂ ನಮಸ್ಕಾರ, ತೀರ್ಥಹಳ್ಳಿ ಹತ್ರ ನಮ್ದೊಂದು ಸಣ್ಣ ಪನೀರ್ ಯೂನಿಟ್ ಇದೆ. ಕ್ಯಾನು, ಪೈಪು ತೊಳೆದಾದ್ಮೇಲೆ ಕ್ರಿಮಿ ಸಾಯ್ಲಿ ಅಂತ ಪೆರಾಸೆಟಿಕ್ ಆಸಿಡ್ ನೀರು ಬಿಡ್ತೇವೆ. ಶಿವಮೊಗ್ಗದಿಂದ ಆಸಿಡ್ ಕ್ಯಾನ್ ತರಿಸ್ಬೇಕು, ಮಳೆಗಾಲದಲ್ಲಿ ಗಾಡಿ ಬರೋದು ಕಷ್ಟ. ಒಬ್ರು ಹೇಳಿದ್ರು, ವಿನೆಗರ್‌ಗೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದ್ರೆ ಅದೇ ಆಗ್ತದಂತೆ, ಹೌದಾ? ಇನ್ನೊಂದು, ಬೋರ್ ನೀರಲ್ಲಿ ಕಲಸಿ ಡ್ರಮ್ಮಲ್ಲಿ ಇಟ್ಟಿದ್ದು ಮರುದಿನಕ್ಕೇ ಪವರ್ ನೋಡೋ ಟೆಸ್ಟ್ ಸ್ಟ್ರಿಪ್‌ನಲ್ಲಿ ಬಣ್ಣ ಸರಿ ಬರಲ್ಲ, ಎಂತಕ್ಕೆ?

ಉತ್ತರ: ನಮಸ್ಕಾರ. ಬೆರೆಸಿದ್ರೆ ಆಗೋದು ಅದೇ ಆಸಿಡ್ಡೇ, ಸುಳ್ಳಲ್ಲ, ಆದ್ರೆ ದಯವಿಟ್ಟು ಬೆರೆಸ್ಬೇಡಿ. ಅಸೆಟಿಕ್ ಆಸಿಡ್ (ವಿನೆಗರ್‌ನಲ್ಲಿರೋ ಆಸಿಡ್) ಪ್ಲಸ್ ಪೆರಾಕ್ಸೈಡ್ ಸೇರಿ ಪೆರಾಸೆಟಿಕ್ ಪ್ಲಸ್ ನೀರು, ಇದು ಎರಡೂ ಕಡೆ ಓಡೋ ರಿಯಾಕ್ಷನ್. ಈಕ್ವಿಲಿಬ್ರಿಯಂ ಕಾನ್‌ಸ್ಟಂಟ್, ಅಂದ್ರೆ ಕೊನೆಗೆ ಯಾವ ಕಡೆ ಎಷ್ಟು ನಿಲ್ತದೆ ಅಂತ ಹೇಳೋ ಅಂಕಿ, ಬರೀ 2ರಿಂದ 3ರ ಆಸುಪಾಸು, ಅಂದ್ರೆ ನೀರು ಜಾಸ್ತಿ ಇದ್ದಷ್ಟೂ ಹಿಂದಕ್ಕೆ ತಳ್ತದೆ. ಅಂಗಡಿ ವಿನೆಗರ್‌ನಲ್ಲಿ 4-5% ಆಸಿಡ್, ಮೆಡಿಕಲ್ ಪೆರಾಕ್ಸೈಡ್ 6%, ಉಳಿದಿದ್ದೆಲ್ಲ ನೀರೇ. ಸಮ ಸಮ ಬೆರೆಸಿದ್ರೆ ಕೊನೆಗೂ ಆಸಿಡ್‌ನ ನೂರರಲ್ಲಿ ನಾಲ್ಕು ಪಾಲಿನಷ್ಟೇ ಪೆರಾಸೆಟಿಕ್ ಆಗೋದು, ಆ ಕೊನೆ ತನಕ ಹೋಗೋದೂ ಬಹಳ ನಿಧಾನ.

ನಿಧಾನ ಯಾಕೆ ಅಂದ್ರೆ, ಮೊದ್ಲು ಅಸೆಟಿಕ್ ಆಸಿಡ್‌ನ ಕಾರ್ಬೊನಿಲ್ ಆಕ್ಸಿಜನ್‌ಗೆ (ಕಾರ್ಬನ್‌ಗೆ ಜೋಡಿ ಬಂಧದಲ್ಲಿ ಅಂಟಿರೋ ಆಕ್ಸಿಜನ್) ಒಂದು ಪ್ರೋಟಾನ್ (ಆಸಿಡ್ ಬಿಟ್ಟುಕೊಡೋ ಹೈಡ್ರೋಜನ್ ಅಯಾನ್) ಅಂಟ್ಬೇಕು, ಆಗ ಪಕ್ಕದ ಕಾರ್ಬನ್ ಮೇಲೆ ಪೆರಾಕ್ಸೈಡ್ ಬಂದು ಕೂರ್ತದೆ, ಆಮೇಲೆ ನೀರು ಕಳಚಿಕೊಳ್ತದೆ. ಹಾಗಾಗಿ ವೇಗ ಮೂರರ ಮೇಲೆ ನಿಂತಿದೆ, ಆಸಿಡ್ ಎಷ್ಟಿದೆ, ಪೆರಾಕ್ಸೈಡ್ ಎಷ್ಟಿದೆ, ಪ್ರೋಟಾನ್ ಎಷ್ಟಿದೆ. ಅಸೆಟಿಕ್ ವೀಕ್ ಆಸಿಡ್, ಅದ್ರಿಂದ ಪ್ರೋಟಾನ್ ಸಿಗೋದು ಕಮ್ಮಿ. ಅದಕ್ಕೇ ಫ್ಯಾಕ್ಟರಿಯಲ್ಲಿ ಸ್ವಲ್ಪ ಸಲ್ಫ್ಯೂರಿಕ್ ಹಾಕ್ತಾರೆ, ಅದು ವೇಗ ಹೆಚ್ಚಿಸ್ತದೆ ಅಷ್ಟೇ, ಕೊನೆಯ ಪ್ರಮಾಣ ಬದಲಾಯಿಸೋದಿಲ್ಲ. ನೀವು ತರೋ ಕ್ಯಾನ್‌ನಲ್ಲೂ ಇರೋದು ಅಸೆಟಿಕ್, ಪೆರಾಕ್ಸೈಡ್, ಪೆರಾಸೆಟಿಕ್, ನೀರು ನಾಲ್ಕೂ ಸೇರಿದ ಮಿಶ್ರಣವೇ. ಫಾರ್ಮಿಕ್ ಆಸಿಡ್ ಆದ್ರೆ ಇದಕ್ಕಿಂತ ಬೇಗ ಪರ್‌ಫಾರ್ಮಿಕ್ ಆಗ್ತದೆ, ಆದ್ರೆ ಅದು ನಿಲ್ಲಲ್ಲ, ಬೇಕಾದಾಗ ಅಲ್ಲೇ ಮಾಡಿ ಅಲ್ಲೇ ಬಳಸ್ತಾರೆ.

ಪ್ರಶ್ನೆ: ಹಾಗಾದ್ರೆ ಸ್ಟ್ರಾಂಗ್ ಪೆರಾಕ್ಸೈಡ್ ತಂದು ಸ್ವಲ್ಪ ಬಿಸಿ ಮಾಡಿದ್ರೆ? ನಮ್ಮಲ್ಲಿ ಜುಲೈನಲ್ಲಿ ಶೆಡ್ ಒಳಗೂ ಚಳಿ ಮೇಡಂ.

ಉತ್ತರ: ಬೇಡವೇ ಬೇಡ. ಬಿಸಿ ಮಾಡಿದ್ರೆ ಹುಟ್ಟೋ ವೇಗದ ಜೊತೆ ಒಡೆಯೋ ವೇಗಾನೂ ಏರ್ತದೆ, ಒಡೆದಾಗ ಆಕ್ಸಿಜನ್ ಬರ್ತದೆ, ಮುಚ್ಚಳ ಬಿಗಿ ಇದ್ರೆ ಡಬ್ಬ ಸಿಡೀತದೆ. ಕಂಪನಿ ಕ್ಯಾನ್‌ಗಳ ಮುಚ್ಚಳದಲ್ಲಿ ಗಾಳಿ ಹೋಗೋ ಕಿಂಡಿ ಇರೋದು ಅದಕ್ಕೇ, ಅದನ್ನ ಟೇಪ್ ಹಚ್ಚಿ ಮುಚ್ಚಬೇಡಿ. ಹಬೆ ಕಣ್ಣಿಗೆ, ಶ್ವಾಸಕ್ಕೆ ಭಾರಿ ಉರಿ, ಬಾಗಿಲು ಹಾಕಿದ ಶೆಡ್‌ನಲ್ಲಿ ಇನ್ನೂ ಕಷ್ಟ.

ಡ್ರಮ್ಮಿನ ವಿಷಯಕ್ಕೆ ಬರ್ತೇನೆ, ನನಗೆ ಅದೇ ಮುಖ್ಯ ಅನ್ಸೋದು. ನೀರು ಬೆರೆಸಿದ ಕೂಡ್ಲೆ ರಿಯಾಕ್ಷನ್ ಹಿಂದಕ್ಕೆ ತಿರುಗ್ತದೆ ನಿಜ, ಆದ್ರೆ ಪ್ರೋಟಾನೂ ತೆಳುವಾಗೋದ್ರಿಂದ ಅದು ನಿಧಾನವೇ, ಒಂದೇ ರಾತ್ರೀಲಿ ಅಷ್ಟು ಇಳಿಸಲ್ಲ. ನನಗೆ ಅನುಮಾನ ನಿಮ್ಮ ಬೋರ್ ನೀರಿನ ಮೇಲೆ. ಬಕೆಟ್‌ಗೆ ಹಿಡಿದಿಟ್ರೆ ಸ್ವಲ್ಪ ಹೊತ್ತಿಗೆ ಕೆಂಪು ಗಸಿ ಕೂರ್ತದಾ ನೋಡಿ, ನಮ್ಮ ಕಡೆ ಎಷ್ಟೋ ಬೋರ್‌ಗಳಲ್ಲಿ ಕಬ್ಬಿಣ ಇದೆ. ಕಬ್ಬಿಣ, ಮ್ಯಾಂಗನೀಸ್, ತಾಮ್ರ ಒಂಚೂರು ಇದ್ರೂ ಪೆರಾಸೆಟಿಕ್ ಒಡೀತದೆ. ಡ್ರಮ್ಮಲ್ಲಿ ಹಾಲಿನ ಪಸೆ ಉಳಿದಿದ್ರೂ ಅಷ್ಟೇ. ನೀರಿನ ಪಿಎಚ್ 8ರ ಹತ್ರ ಹೋದ್ರೆ ಅದು ತಾನಾಗೇ ಒಡೆಯೋದು ಇನ್ನೂ ಜೋರು.

ಎರಡು ತೊಳೆದ ಪ್ಲಾಸ್ಟಿಕ್ ಬಾಟ್ಲಿ ತಗೊಂಡು ಒಂದ್ರಲ್ಲಿ ಬೋರ್ ನೀರು, ಇನ್ನೊಂದ್ರಲ್ಲಿ ಡಿಸ್ಟಿಲ್ಡ್ ವಾಟರ್ ಹಾಕಿ, ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕ್ಕೊಂಡು ನೀರಿಗೇ ಆಸಿಡ್ ಹಾಕಿ, ಎರಡಕ್ಕೂ ಒಂದೇ ಅಳತೆ, ಮುಚ್ಚಳ ಸಡಿಲ ಇರ್ಲಿ. ಕಲಸಿದ ತಕ್ಷಣ ಮತ್ತು ಮರುದಿನ ಬೆಳಿಗ್ಗೆ ಸ್ಟ್ರಿಪ್ ಅದ್ದಿ. ಬೋರ್ ಬಾಟ್ಲಿ ಮಾತ್ರ ಇಳಿದಿದ್ರೆ ಆರ್‌ಓ ನೀರು ಇಲ್ಲಾ ಸೋಸಿದ ಮಳೆ ನೀರಲ್ಲಿ ಟ್ರೈ ಮಾಡಿ. ಹೇಗೂ ಅವತ್ತಿಗೆ ಬೇಕಾದಷ್ಟು ಮಾತ್ರ ಕಲಸಿ, ಮಳೆಗಾಲದ ಸ್ಟಾಕ್ ಮೇ ಒಳಗೇ ತರಿಸಿಟ್ಕೊಳ್ಳಿ, ಎಕ್ಸ್‌ಪೈರಿ ಡೇಟ್ ನೋಡ್ಕೊಂಡು. ರಿಸಲ್ಟ್ ಇಲ್ಲೇ ಹಾಕಿ, ನೋಡಿ ಹೇಳ್ತೇನೆ.