ಒಂದೇ ಕೈಯಲ್ಲಿ ಆರ್‌ಸಿ ಕಾರು ಓಡಿಸಲು ಯಾವ ರಿಮೋಟ್ ತಗೊಳ್ಳಲಿ?

ಪ್ರಶ್ನೆ:
ಸರ್, ನಮಸ್ತೆ. ನನ್ನ ಹತ್ತಿರ ಅಸಲಿ ಕಾರಿನ 1/10 ಅಳತೆಯ, ರಿಮೋಟಿನಲ್ಲಿ ಓಡುವ (ಆರ್‌ಸಿ) ಫೋರ್‌ವೀಲ್ ಡ್ರೈವ್ ಬ್ರಷ್‌ಲೆಸ್ ಮೋಟಾರಿನ ಕಾರು ಇದೆ. ಎರಡು ವರ್ಷದ ಹಿಂದೆ ಅಪಘಾತದಲ್ಲಿ ಎಡಗೈ ನರಕ್ಕೆ ಪೆಟ್ಟಾಯಿತು. ಆ ಕೈಯಲ್ಲಿ ಏನನ್ನೂ ಹಿಡಿಯಲು ಆಗುವುದಿಲ್ಲ, ಬಲಗೈ ಪೂರ್ತಿ ಚೆನ್ನಾಗಿದೆ. ಕಾರಿನ ಜೊತೆ ಬಂದಿರುವುದು ಪಿಸ್ತೂಲ್ ಆಕಾರದ ಮಾಮೂಲಿ ರಿಮೋಟ್: ಎಡಗೈಗೆ ವೇಗದ ಟ್ರಿಗರ್, ಬಲಗೈಗೆ ಸ್ಟೀರಿಂಗ್ ಚಕ್ರ. ಕುರ್ಚಿಯಲ್ಲಿ ಕೂತು ಅದನ್ನು ತೊಡೆಸಂದಿಯಲ್ಲಿ ಸಿಕ್ಕಿಸಿಕೊಂಡು, ಹೆಬ್ಬೆರಳಲ್ಲಿ ಚಕ್ರ ತಳ್ಳುತ್ತಾ ಕಿರುಬೆರಳಲ್ಲಿ ಟ್ರಿಗರ್ ಎಳೆದು ನೋಡಿದೆ. ಹತ್ತು ಮಾರು ಹೋಗುವಷ್ಟರಲ್ಲಿ ಕಾರು ಗೋಡೆಗೆ ಬಡಿಯಿತು. ಒಂದೇ ಕೈಯಲ್ಲಿ ಹಿಡಿಯುವ ರಿಮೋಟುಗಳು ಬಂದಿವೆ ಅಂತ ಕೇಳಿದ್ದೇನೆ. ಯಾವುದು ತಗೊಳ್ಳಲಿ, ತಗೊಳ್ಳುವಾಗ ಏನು ನೋಡಬೇಕು?

ಉತ್ತರ:
ನಮಸ್ತೆ. ಆರ್‌ಸಿ ಕಾರುಗಳ ರಿಪೇರಿ, ಸೆಟಪ್ ನನ್ನ ದಿನದ ಕೆಲಸ. ಒಂದು ಕೈಯಲ್ಲಿ ಓಡಿಸುವವರಿಗೆ ಹಲವು ಕಾರು ಹೊಂದಿಸಿ ಕೊಟ್ಟಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನೀವು ಚೆನ್ನಾಗಿ ಓಡಿಸುತ್ತೀರಿ. ಅನುಮಾನವೇ ಬೇಡ.

ಮಾಡೆಲ್ ಹುಡುಕುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಬೆರಳು ಬಿಟ್ಟರೆ ಕಾರು ತಾನಾಗಿ ನಿಲ್ಲುತ್ತದೆಯೇ? ಎರಡು ಕೈ ಇರುವವರಿಗೆ ಒಂದು ಕೈ ತಪ್ಪಿದರೆ ಇನ್ನೊಂದು ಸುಧಾರಿಸುತ್ತದೆ. ನಿಮ್ಮದು ಹಾಗಲ್ಲ. ರಿಮೋಟ್ ಜಾರಲಿ, ಬೆವರಿಗೆ ಹೆಬ್ಬೆರಳು ತಪ್ಪಲಿ, ಥ್ರಾಟಲ್ (ವೇಗ ಕೊಡುವ ಟ್ರಿಗರ್ ಅಥವಾ ಸ್ಟಿಕ್) ನಡುವಿಗೆ ವಾಪಸ್ ಬರಬೇಕು, ಕಾರು ನಿಲ್ಲಬೇಕು. ಇದು ಇಲ್ಲದ ರಿಮೋಟ್ ಎಷ್ಟೇ ಚೆಂದ ಇದ್ದರೂ ಬೇಡ.

ಒಂದು ಕೈಗೆ ಸಿಗುವ ದಾರಿಗಳು ಇವು.

ನನಗೆ ಹೆಚ್ಚು ಇಷ್ಟವಾಗುವುದು ಹೆಬ್ಬೆರಳ ಸ್ಟೀರಿಂಗ್ ಇರುವ ಪಿಸ್ತೂಲ್ ಗ್ರಿಪ್. ಅಂಗೈ ಮತ್ತು ಕೆಳಗಿನ ಮೂರು ಬೆರಳು ಹಿಡಿ ಹಿಡಿಯುತ್ತವೆ, ತೋರುಬೆರಳು ಟ್ರಿಗರ್ ಮೇಲೆ, ಹೆಬ್ಬೆರಳು ಮೇಲಿರುವ ಪುಟ್ಟ ಚಕ್ರ ಅಥವಾ ಸ್ಟಿಕ್ ಮೇಲೆ. ಎಲ್ಲಕ್ಕೂ ಸ್ಪ್ರಿಂಗ್ ಇರುತ್ತದೆ, ಬಿಟ್ಟರೆ ನಡುವಿಗೆ ಬರುತ್ತವೆ. ಆದರೆ ಇದರಲ್ಲಿ ಒಂದು ತೊಡಕಿದೆ. ತೋರುಬೆರಳನ್ನು ಜೋರಾಗಿ ಮಡಚಿದರೆ ಹೆಬ್ಬೆರಳೂ ಜೊತೆಗೆ ಬಿಗಿಯುತ್ತದೆ. ಈಗಲೇ ಕೈಯಲ್ಲಿ ಪೆನ್ನು ಹಿಡಿದು, ತೋರುಬೆರಳಲ್ಲಿ ಟ್ರಿಗರ್ ಎಳೆದ ಹಾಗೆ ಮಾಡಿ ನೋಡಿ, ಹೆಬ್ಬೆರಳು ಅಲುಗುವುದು ಗೊತ್ತಾಗುತ್ತದೆ. ಕಾರಿನಲ್ಲಿ ಇದು ಹೀಗೆ ಕಾಣುತ್ತದೆ: ನೇರ ರಸ್ತೆಯಲ್ಲಿ ವೇಗ ಕೊಟ್ಟ ತಕ್ಷಣ ಮುಂದಿನ ಚಕ್ರ ಚೂರು ಒಂದು ಪಕ್ಕಕ್ಕೆ ಎಳೆಯುತ್ತದೆ. ಕೊಳ್ಳುವ ಮೊದಲು ಪರೀಕ್ಷೆ ಮಾಡಲು ಅವಕಾಶ ಸಿಕ್ಕರೆ ಕಾರನ್ನು ಡಬ್ಬದ ಮೇಲಿಟ್ಟು ನಾಲ್ಕೂ ಚಕ್ರ ಗಾಳಿಯಲ್ಲಿರುವ ಹಾಗೆ ಮಾಡಿ, ಟ್ರಿಗರನ್ನು ಒಂದೇ ಸಲಕ್ಕೆ ಪೂರ್ತಿ ಎಳೆಯಿರಿ. ಆಗ ಹಿಂದಿನ ಚಕ್ರ ನೋಡಬೇಡಿ, ಮುಂದಿನ ಚಕ್ರ ನೋಡಿ. ಅದು ಪಕ್ಕಕ್ಕೆ ಎಳೆಯದಿದ್ದರೆ ಆ ರಿಮೋಟ್ ನಿಮ್ಮ ಕೈಗೆ ಒಪ್ಪುತ್ತದೆ. ಟ್ರಿಗರ್ ಸ್ಪ್ರಿಂಗ್ ಮೆದುವಾಗಿದ್ದಷ್ಟೂ ಈ ತೊಂದರೆ ಕಡಿಮೆ.

ಎರಡನೆಯದು ಹೆಚ್ಚು ಜನಕ್ಕೆ ಗೊತ್ತಿಲ್ಲ: ವಿಮಾನ ಹಾರಿಸುವವರ ಎರಡು ಸ್ಟಿಕ್‌ಗಳ ರಿಮೋಟ್. ಅದರಲ್ಲಿ ಮೋಡ್ 2 ಅನ್ನುವ ಜೋಡಣೆಯಲ್ಲಿ ಬಲಗಡೆಯ ಸ್ಟಿಕ್ ಎರಡು ದಿಕ್ಕಿನಲ್ಲೂ ಸ್ಪ್ರಿಂಗಿನಿಂದ ನಡುವಿಗೆ ಬರುತ್ತದೆ. ಫ್ಲೈಸ್ಕೈ ಕಂಪನಿಯ ಎಫ್‌ಎಸ್-ಐ6 ಥರದವುಗಳಲ್ಲಿ ಪ್ರತಿ ಚಲನೆಗೂ ಒಂದು ಚಾನೆಲ್ (ಸಿಗ್ನಲ್ ದಾರಿ) ಇರುತ್ತದೆ: ಆ ಸ್ಟಿಕ್‌ನ ಎಡ-ಬಲ ಚಾನೆಲ್ 1, ಮೇಲೆ-ಕೆಳಗೆ ಚಾನೆಲ್ 2. ರಿಸೀವರಿನಲ್ಲಿ (ಕಾರಿನೊಳಗೆ ಸಿಗ್ನಲ್ ಹಿಡಿಯುವ ಡಬ್ಬಿ) ಕಾರಿನ ಸ್ಟೀರಿಂಗ್ ಸರ್ವೋವನ್ನು (ಮುಂದಿನ ಚಕ್ರ ತಿರುಗಿಸುವ ಪುಟ್ಟ ಮೋಟಾರ್) 1ಕ್ಕೆ, ಇಎಸ್‌ಸಿಯನ್ನು (ಓಟದ ಮೋಟಾರಿನ ವೇಗ ನಿಯಂತ್ರಿಸುವ ಸಾಧನ) 2ಕ್ಕೆ ಸಿಕ್ಕಿಸಿದರೆ ಇಡೀ ಕಾರು ಒಂದು ಹೆಬ್ಬೆರಳಿಗೆ ಸಿಕ್ಕಿತು. ಮುಂದೆ ತಳ್ಳಿದರೆ ಓಟ, ಹಿಂದೆ ಎಳೆದರೆ ಬ್ರೇಕು. ರಿಮೋಟನ್ನು ಕುತ್ತಿಗೆ ಪಟ್ಟಿಯಲ್ಲಿ ತೂಗುಹಾಕಿಕೊಳ್ಳಬಹುದು, ಮಡಿಲಲ್ಲಿ ಅಥವಾ ಮೇಜಿನ ಮೇಲೂ ಇಡಬಹುದು. ಕೈಗೆ ಭಾರ ಹೊರುವ ಕೆಲಸವೇ ಇಲ್ಲ. ತಿರುವಿನಲ್ಲಿ ಬೆರಳು ಮೂಲೆಗೆ ಹೋದಾಗ ಥ್ರಾಟಲ್ ಸೇರಿಕೊಳ್ಳುವುದು ಇದರ ಕುಂದು. ನಿಧಾನದ ಕಾರಿಗೆ ಅದು ಲೆಕ್ಕಕ್ಕಿಲ್ಲ, ವೇಗದ ಕಾರಿಗೆ ಅಭ್ಯಾಸ ಬೇಕು.

ಒಂದು ಎಚ್ಚರಿಕೆ. ಅದೇ ರಿಮೋಟಿನ ಎಡಗಡೆಯ ಸ್ಟಿಕ್‌ನಲ್ಲಿ ಮೇಲೆ-ಕೆಳಗೆ ಸ್ಪ್ರಿಂಗ್ ಇರುವುದಿಲ್ಲ. ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ವಿಮಾನಕ್ಕೆ ಅದು ಬೇಕು, ಕಾರಿಗೆ ಅದು ಅಪಾಯ. ಅದರ ಮೇಲೆ ಥ್ರಾಟಲ್ ಕೊಡಲೇಬೇಡಿ.

ಮೂರನೆಯದು, ಈಗಿರುವ ಚಕ್ರದ ರಿಮೋಟಿಗೇ 3ಡಿ ಪ್ರಿಂಟ್ ಮಾಡಿದ ಸನ್ನೆ (ಲಿವರ್) ಜೋಡಿಸಿ ಚಕ್ರದ ಚಲನೆಯನ್ನು ಹೆಬ್ಬೆರಳ ಹತ್ತಿರಕ್ಕೆ ತರುವುದು. ಅಳತೆ ಸರಿಯಾಗಿ ಕೂತರೆ ಒಳ್ಳೆಯ ಉಪಾಯ. ಸನ್ನೆಯಲ್ಲಿ ಸಡಿಲ ಇದ್ದರೆ ಕಾರು ನೇರ ಹೋಗುವುದೇ ಇಲ್ಲ.

ಇನ್ನು ರಿಮೋಟನ್ನೇ ವಾಲಿಸಿ ತಿರುಗಿಸುವ ಬಗೆಯವು. ನನ್ನ ಸಲಹೆ, ಬೇಡ. ಮಣಿಕಟ್ಟಿಗೆ ಸ್ಪ್ರಿಂಗ್ ಇಲ್ಲ, ಎಲ್ಲಿ ನೇರ ಅಂತ ಅದಕ್ಕೆ ತಿಳಿಯುವುದಿಲ್ಲ. ಕಾರಿನ ಹಿಂದೆ ಹೆಜ್ಜೆ ಹಾಕುತ್ತಾ ಓಡಿಸಿದರೆ ಪ್ರತಿ ಹೆಜ್ಜೆಗೂ ಕಾರು ತೂಗಾಡುತ್ತದೆ.

ನಿಮಗೆ ಬಲಗೈ ಬಲವಾಗಿದೆ, ಹಿಡಿತ ಚೆನ್ನಾಗಿದೆ. ಹೆಬ್ಬೆರಳ ಸ್ಟೀರಿಂಗ್ ಪಿಸ್ತೂಲ್ ಗ್ರಿಪ್ಪೇ ಸರಿ ಅನ್ನಿಸುತ್ತದೆ.

ಪ್ರಶ್ನೆ (ಅದೇ ಸದಸ್ಯರು):
ತುಂಬಾ ಉಪಕಾರ ಸರ್. ಪೆನ್ನು ಹಿಡಿದು ನೋಡಿದೆ, ಹೌದು, ಹೆಬ್ಬೆರಳು ಅಲುಗಿತು! ಹೊಸ ರಿಮೋಟ್ ತಂದರೆ ನನ್ನ ಕಾರಿಗೆ ಹಾಗೇ ಸೇರುತ್ತದಾ?

ಉತ್ತರ:
ಹಾಗೇ ಸೇರುವುದಿಲ್ಲ. ಬಹುತೇಕ ಎಲ್ಲವೂ 2.4 ಗಿಗಾಹರ್ಟ್ಸ್‌ನಲ್ಲೇ ಕೆಲಸ ಮಾಡಿದರೂ ಒಂದೊಂದು ಕಂಪನಿಯ ಭಾಷೆ ಬೇರೆ. ಫುಟಾಬಾ ರಿಮೋಟ್ ಹೇಳಿದ್ದು ಸ್ಪೆಕ್ಟ್ರಮ್ ರಿಸೀವರಿಗೆ ಅರ್ಥವಾಗುವುದಿಲ್ಲ. ಒಂದೇ ಕಂಪನಿಯೊಳಗೂ ತಲೆಮಾರು ಬದಲಾದರೆ ಭಾಷೆ ಬದಲಾಗಬಹುದು, ಫ್ಲೈಸ್ಕೈಯಲ್ಲಿ ಎಎಫ್‌ಎಚ್‌ಡಿಎಸ್ 2ಎ ಮತ್ತು ಎಎಫ್‌ಎಚ್‌ಡಿಎಸ್ 3 ಬೇರೆ ಬೇರೆ. ಆದ್ದರಿಂದ ರಿಸೀವರ್ ಸಮೇತ ಬರುವುದನ್ನೇ ಕೊಳ್ಳಿ.

ಕಾರಿನ ಮುಚ್ಚಳ ತೆಗೆದು ನೋಡಿ. ರಿಸೀವರ್ ಬೇರೆ ಡಬ್ಬಿಯಾಗಿದ್ದು, ಸರ್ವೋದಿಂದ ಒಂದು, ಇಎಸ್‌ಸಿಯಿಂದ ಒಂದು ಮೂರೆಳೆ ವೈರ್ ಅದಕ್ಕೆ ಸಿಕ್ಕಿದ್ದರೆ ಬದಲಾಯಿಸುವುದು ಹತ್ತು ನಿಮಿಷದ ಕೆಲಸ. ರಿಸೀವರ್ ಮತ್ತು ಇಎಸ್‌ಸಿ ಒಂದೇ ಸರ್ಕ್ಯೂಟ್ ಬೋರ್ಡಿನಲ್ಲಿದ್ದರೆ ಎರಡನ್ನೂ ಬದಲಾಯಿಸಬೇಕು. 1/24ರಂಥ ಪುಟ್ಟ ಕಾರುಗಳಲ್ಲಿ ಇದು ಹೆಚ್ಚು, ನಿಮ್ಮ 1/10ರಲ್ಲಿ ಬೇರೆಯಾಗಿರುವ ಸಾಧ್ಯತೆಯೇ ಜಾಸ್ತಿ. ಬೈಂಡ್ ಆದ ಮೇಲೆ, ಅಂದರೆ ರಿಮೋಟ್ ಮತ್ತು ರಿಸೀವರ್ ಜೋಡಿಯಾದ ಮೇಲೆ, ಇಎಸ್‌ಸಿಗೆ ಹೊಸ ಟ್ರಿಗರಿನ ನಡು, ಪೂರ್ತಿ ಮುಂದೆ, ಪೂರ್ತಿ ಬ್ರೇಕ್, ಈ ಮೂರು ಜಾಗವನ್ನೂ ಮತ್ತೆ ಕಲಿಸಬೇಕು. ಇದನ್ನು ಬಿಟ್ಟರೆ ಟ್ರಿಗರ್ ಬಿಟ್ಟಾಗಲೂ ಕಾರು ಮೆಲ್ಲಗೆ ತೆವಳುತ್ತಿರಬಹುದು.

ಇನ್ನೊಬ್ಬ ಸದಸ್ಯೆ:
ಸರ್, ನಮ್ಮಪ್ಪನಿಗೆ ಪಾರ್ಶ್ವವಾಯು ಆಗಿ ಬಲಗೈ ಬಿದ್ದಿದೆ. ಎಡಗೈ ಮಾತ್ರ, ಅದೂ ಬೇಗ ಸುಸ್ತಾಗುತ್ತದೆ. ಅವರ ಬಳಿ ನಿಧಾನಕ್ಕೆ ಕಲ್ಲು ಹತ್ತುವ ಕ್ರಾಲರ್ ಕಾರಿದೆ. ಅವರಿಗೆ ಅದೆಂದರೆ ಜೀವ. ಅವರಿಗೂ ಇದೇ ಸಲಹೆಯಾ?

ಉತ್ತರ:
ಇಲ್ಲಮ್ಮ, ಅಪ್ಪನಿಗೆ ಎರಡನೆಯ ದಾರಿ, ಸ್ಟಿಕ್ ರಿಮೋಟ್. ಸುಸ್ತಾಗುವ ಕೈಗೆ ರಿಮೋಟಿನ ತೂಕವೇ ಶತ್ರು. ನಾಲ್ಕು ಎಎ ಸೆಲ್ ಹಾಕಿದರೆ ಅವೇ ಸುಮಾರು 100 ಗ್ರಾಂ ಆಗುತ್ತವೆ, ಅದರ ಮೇಲೆ ರಿಮೋಟಿನ ಸ್ವಂತ ತೂಕ. ಮಡಿಲಲ್ಲೋ ತಟ್ಟೆಯಂಥ ಹಲಗೆಯ ಮೇಲೋ ಇಟ್ಟರೆ ಹೆಬ್ಬೆರಳೊಂದೇ ದುಡಿಯುತ್ತದೆ. ಬೇಕಿದ್ದರೆ ಸ್ಟಿಕ್ ತುದಿಯನ್ನು ಹೆಬ್ಬೆರಳು-ತೋರುಬೆರಳ ನಡುವೆ ಚಿವುಟಿ ಹಿಡಿಯಲಿ, ಆಗ ಇನ್ನೂ ನಯವಾಗಿ ಓಡಿಸಬಹುದು. ರಿಮೋಟಿನ ಅಡಿಗೆ ಜಾರದ ರಬ್ಬರ್ ಹಾಳೆ ಹಾಸಿ.

ಎಡಗೈಗೆ ಮೋಡ್ 3 ಬೇಕು. ಮೋಡ್ 2ರಲ್ಲಿ ಬಲಕ್ಕೆ ಇರುವುದೆಲ್ಲ ಇದರಲ್ಲಿ ಎಡಕ್ಕೆ ಬರುತ್ತದೆ. ಮೆನುವಿನಲ್ಲಿ ಮೋಡ್ ಬದಲಾಯಿಸಿದರೆ ಮಾತ್ರ ಸಾಲದು, ಹಿಂಬದಿ ಬಿಚ್ಚಿ ಸ್ಪ್ರಿಂಗನ್ನು ಎಡ ಸ್ಟಿಕ್‌ಗೆ ಸಾಗಿಸಬೇಕು. ಸಣ್ಣ ಸ್ಕ್ರೂ, ಸಣ್ಣ ಸ್ಪ್ರಿಂಗ್. ಬಿಚ್ಚುವ ಮೊದಲು ಮೊಬೈಲಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಕೈ ನಡುಗುತ್ತಿದ್ದರೆ ಎಕ್ಸ್‌ಪೋ ಹಾಕಿ, ನಡುವಿನ ಚಿಕ್ಕ ಅಲುಗಾಟಕ್ಕೆ ಚಕ್ರ ಹೆಚ್ಚು ತಿರುಗುವುದಿಲ್ಲ.

ಇಎಸ್‌ಸಿಯನ್ನು ಕ್ರಾಲರ್ ಮೋಡಿಗೆ ಹಾಕಿ, ಡ್ರ್ಯಾಗ್ ಬ್ರೇಕ್ (ಬೆರಳು ಬಿಟ್ಟಾಗ ತಾನಾಗಿ ಹಿಡಿಯುವ ಬ್ರೇಕ್) ಪೂರ್ತಿ ಕೊಡಿ. ಹಾಬಿವಿಂಗ್ 1080ರಂಥವುಗಳಲ್ಲಿ ಇದನ್ನು ಬೇಕಾದಷ್ಟು ಹೊಂದಿಸಬಹುದು. ಮಾಮೂಲಿ ಇಎಸ್‌ಸಿಯಲ್ಲಿ ಹಿಂದೆ ಹೋಗಲು ಒಮ್ಮೆ ಬ್ರೇಕ್ ಒತ್ತಿ, ನಡುವಿಗೆ ಬಿಟ್ಟು, ಮತ್ತೆ ಒತ್ತಬೇಕು. ಕ್ರಾಲರ್ ಮೋಡಿನಲ್ಲಿ ಹಿಂದೆ ಎಳೆದರೆ ನೇರ ಹಿಂದೆ. ಕಲ್ಲಿನ ಮೇಲೆ ಅರ್ಧ ಹತ್ತಿದಾಗ ಅಪ್ಪ ಬೆರಳು ತೆಗೆದರೆ ಕಾರು ಅಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ. ಅವರು ಕೈಗೆ ವಿಶ್ರಾಂತಿ ಕೊಟ್ಟು, ಉಸಿರು ತಗೊಂಡು ಮುಂದುವರಿಸಬಹುದು. ಒಂದು ಕೈಯ ಓಟಕ್ಕೆ ಇದಕ್ಕಿಂತ ಒಳ್ಳೆಯ ಕಾರು ಇಲ್ಲ.

ಮತ್ತೊಬ್ಬ ಸದಸ್ಯರು:
ಅಣ್ಣ, ಬೆರಳು ಬಿಟ್ಟರೆ ನಿಲ್ಲಬೇಕು ಅಂದಿರಿ. ರಿಮೋಟೇ ಕೈಯಿಂದ ಬಿದ್ದು ಸೆಲ್ ಕಳಚಿಕೊಂಡರೆ?

ಉತ್ತರ:
ಒಳ್ಳೆಯ ಪ್ರಶ್ನೆ, ಇದನ್ನು ನಾನೇ ಮೊದಲು ಹೇಳಬೇಕಿತ್ತು. ಅಲ್ಲಿ ಕಾಯುವುದು ಫೇಲ್‌ಸೇಫ್. ಸಿಗ್ನಲ್ ತಪ್ಪಿದಾಗ ಥ್ರಾಟಲನ್ನು ಎಲ್ಲಿಗೆ ತರಬೇಕು ಅಂತ ರಿಸೀವರಿಗೆ ಮೊದಲೇ ಹೇಳಿಟ್ಟಿರುವುದು. ಕೆಲವು ರಿಸೀವರುಗಳು ಏನೂ ಹೇಳದಿದ್ದರೆ ಕೊನೆಗೆ ಬಂದ ಆಜ್ಞೆಯನ್ನೇ ಹಿಡಿದುಕೊಂಡಿರುತ್ತವೆ, ಅಂದರೆ ಪೂರ್ತಿ ವೇಗದಲ್ಲಿ ಸಿಗ್ನಲ್ ತಪ್ಪಿದರೆ ಪೂರ್ತಿ ವೇಗದಲ್ಲೇ ಓಡುತ್ತವೆ. ನಾನು ಕೆಲಸ ಶುರುಮಾಡಿದ ಹೊಸತರಲ್ಲಿ ಒಂದು ಕಾರಿಗೆ ಇದನ್ನು ನೋಡದೆ ಕೊಟ್ಟೆ. ರಿಮೋಟಿನ ಸೆಲ್ ಮುಗಿದು ಕಾರು ಕಲ್ಲುಕಟ್ಟೆಗೆ ಬಡಿದು ಮುಂದಿನ ಚಕ್ರ ಹಿಡಿಯುವ ತೋಳು ಎರಡೂ ಮುರಿದವು. ಅಲ್ಲಿ ಯಾವ ಮಗುವೂ ಇರಲಿಲ್ಲ ಅನ್ನುವುದೇ ಸಮಾಧಾನ. ಅವತ್ತಿನಿಂದ ಫೇಲ್‌ಸೇಫ್ ನೋಡದೆ ಒಂದು ಕಾರನ್ನೂ ಕೈಗೆ ಕೊಟ್ಟಿಲ್ಲ.

ಪರೀಕ್ಷೆ ಹೀಗೆ: ಚಕ್ರಗಳನ್ನು ಗಾಳಿಯಲ್ಲಿಟ್ಟು ಸ್ವಲ್ಪ ಥ್ರಾಟಲ್ ಕೊಟ್ಟು, ಹಾಗೇ ರಿಮೋಟ್ ಆಫ್ ಮಾಡಿ. ಚಕ್ರ ನಿಲ್ಲಬೇಕು.

ಸ್ಟಿಕ್ ರಿಮೋಟ್ ತಗೊಳ್ಳುವವರು ಇಲ್ಲಿ ವಿಶೇಷವಾಗಿ ಗಮನಿಸಿ. ಅದು ವಿಮಾನಕ್ಕೆ ಮಾಡಿದ್ದು, ಫ್ಲೈಸ್ಕೈ ಥರದವುಗಳ ಲೆಕ್ಕದಲ್ಲಿ ಥ್ರಾಟಲ್ ಅಂದರೆ ಚಾನೆಲ್ 3. ನಮ್ಮ ಇಎಸ್‌ಸಿ ಇರುವುದು 2ರಲ್ಲಿ. ಹಾಗಾಗಿ ಚಾನೆಲ್ 2ಕ್ಕೆ ಫೇಲ್‌ಸೇಫನ್ನು ನೀವೇ ಹಾಕಬೇಕು, ಸ್ಟಿಕ್ ನಡುವಿನಲ್ಲಿರುವ ಸ್ಥಿತಿಗೆ.

ಪ್ರಶ್ನೆ (ಮೊದಲ ಸದಸ್ಯರು):
ಸರ್, ಹೆಬ್ಬೆರಳ ಸ್ಟೀರಿಂಗ್ ಇರುವ ರಿಮೋಟ್ ಬಂತು, ಬೈಂಡ್ ಆಯಿತು. ಚಕ್ರ ಗಾಳಿಯಲ್ಲಿಟ್ಟು ನೋಡಿದೆ, ಟ್ರಿಗರ್ ಪೂರ್ತಿ ಎಳೆದರೆ ಮುಂದಿನ ಚಕ್ರ ಬಲಕ್ಕೆ ಚೂರು ಎಳೆಯುತ್ತಿದೆ. ಫೇಲ್‌ಸೇಫ್ ಸರಿಯಿದೆ. ಮೈದಾನದಲ್ಲಿ ಸಣ್ಣ ಓಟಕ್ಕೆ ಸರಿ, ವೇಗ ಕೊಟ್ಟರೆ ಅಂಕೆಗೆ ಸಿಗುತ್ತಿಲ್ಲ. ಬ್ಯಾಟರಿ 3ಎಸ್, ಅಂದರೆ ಮೂರು ಸೆಲ್ಲಿನದು.

ಉತ್ತರ:
ಮೊದಲು 2ಎಸ್ ಬ್ಯಾಟರಿ ಹಾಕಿ. 3300 ಕೆವಿ ಮೋಟಾರ್ (ಒಂದು ವೋಲ್ಟಿಗೆ ನಿಮಿಷಕ್ಕೆ 3300 ಸುತ್ತು) ಅಂದುಕೊಂಡರೆ 3ಎಸ್‌ನ 11.1 ವೋಲ್ಟಿಗೆ ಲೆಕ್ಕದಲ್ಲಿ ನಿಮಿಷಕ್ಕೆ 36,000ಕ್ಕೂ ಹೆಚ್ಚು ಸುತ್ತು, 2ಎಸ್‌ನ 7.4ಕ್ಕೆ ಸುಮಾರು 24,000. ಕಾರಿನ ಸ್ವಭಾವವೇ ಬದಲಾಗುತ್ತದೆ.

ಆಮೇಲೆ ಸ್ಟೀರಿಂಗ್. ಚಕ್ರದ ರಿಮೋಟಿನಲ್ಲಿ ಇಡೀ ಮಣಿಕಟ್ಟು ತಿರುಗುತ್ತಿತ್ತು, ಈಗ ಅಷ್ಟೂ ಕೆಲಸ ಹೆಬ್ಬೆರಳ ಒಂದು ಸೆಂಟಿಮೀಟರಿನ ಆಸುಪಾಸಿನ ಚಲನೆಯಲ್ಲಿ ಆಗಬೇಕು. ಹಾಗಾಗಿ ಡ್ಯುಯಲ್ ರೇಟನ್ನು (ಚಕ್ರ ಹೆಚ್ಚೆಂದರೆ ಎಷ್ಟು ತಿರುಗಬೇಕು ಅನ್ನುವ ಮಿತಿ) ಶೇಕಡ 70ಕ್ಕೆ ಇಳಿಸಿ, ಎಕ್ಸ್‌ಪೋ 30 ಕೊಡಿ. ಎಕ್ಸ್‌ಪೋಗೆ ಕೆಲವು ಕಂಪನಿಗಳಲ್ಲಿ ಮೈನಸ್ ಹಾಕಬೇಕು, ಕೆಲವುಗಳಲ್ಲಿ ಪ್ಲಸ್. ಹಾಕಿದ ಮೇಲೆ ಹೆಬ್ಬೆರಳನ್ನು ಚೂರೇ ಚೂರು ಸರಿಸಿ, ಚಕ್ರ ಮೊದಲಿಗಿಂತ ಕಡಿಮೆ ತಿರುಗಿದರೆ ದಿಕ್ಕು ಸರಿ. ಬಲಕ್ಕೆ ಎಳೆಯುತ್ತದೆ ಅಂತ ಟ್ರಿಮ್ (ಸ್ಟೀರಿಂಗಿನ ನಡು ಜಾಗ ಸರಿಸುವ ಹೊಂದಿಕೆ) ಮುಟ್ಟಬೇಡಿ. ಟ್ರಿಮ್ ತಿರುಗಿಸಿದರೆ ಟ್ರಿಗರ್ ಬಿಟ್ಟಾಗ ಎಡಕ್ಕೆ ಹೋಗುತ್ತದೆ. ಅದು ನಿಮ್ಮ ಬೆರಳಿನ ಎಳೆತ, ಕಾರಿನದ್ದಲ್ಲ.

ಥ್ರಾಟಲ್ ಮಿತಿಯನ್ನು ಅರ್ಧಕ್ಕಿಡಿ. ಆಗ ಟ್ರಿಗರನ್ನು ಅದುಮಿ ಹಿಡಿಯುವ ಆತುರ ಇರುವುದಿಲ್ಲ, ಹೆಬ್ಬೆರಳೂ ಸಡಿಲವಾಗಿರುತ್ತದೆ. ನಾಲ್ಕು ಡಬ್ಬ ಇಟ್ಟು ಅವುಗಳ ಮಧ್ಯೆ ಎಂಟರ ಆಕಾರದಲ್ಲಿ ಓಡಿಸಿ. ನೇರ ಓಟಕ್ಕಿಂತ ಇದರಲ್ಲಿ ಎರಡು ಬೆರಳು ಬೇರೆ ಬೇರೆ ಕೆಲಸ ಮಾಡುವುದನ್ನು ಬೇಗ ಕಲಿಯುತ್ತವೆ.

ಪ್ರಶ್ನೆ (ಅದೇ ಸದಸ್ಯರು):
ಒಂದು ವಾರವಾಯಿತು ಸರ್. ಎಂಟರ ಆಕಾರ ಡಬ್ಬ ಮುಟ್ಟದೆ ಆಗುತ್ತಿದೆ. ಈಗ ಕೂತಲ್ಲ, ನಿಂತುಕೊಂಡೇ ಓಡಿಸುತ್ತಿದ್ದೇನೆ. ಇಪ್ಪತ್ತು ನಿಮಿಷಕ್ಕೆ ಮಣಿಕಟ್ಟು ನೋಯುತ್ತದೆ. ಸೆಲ್ ತೆಗೆದು ಹಗುರವಾದ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಹಾಕಲಾ?

ಉತ್ತರ:
ಓದಿ ನನಗೆ ಎಷ್ಟು ಖುಷಿಯಾಯಿತು ಅಂದರೆ, ಮನೆಯವರಿಗೂ ಓದಿ ಹೇಳಿದೆ.

ಲಿಪೋ ಹಾಕುವ ಮೊದಲು ರಿಮೋಟಿನ ಕೈಪಿಡಿ ನೋಡಿ. ನಾಲ್ಕು ಎಎ ಸೆಲ್ ಅಂದರೆ 6 ವೋಲ್ಟ್, 2ಎಸ್ ಲಿಪೋ ಪೂರ್ತಿ ಚಾರ್ಜಿನಲ್ಲಿ 8.4. ಅಷ್ಟನ್ನು ತಡೆಯುತ್ತದೆ ಅಂತ ಕೈಪಿಡಿಯಲ್ಲಿ ಬರೆದಿದ್ದರೆ ಮಾತ್ರ ಹಾಕಿ. ಬರೆದಿಲ್ಲದಿದ್ದರೆ ಸೆಲ್ಲೇ ಇರಲಿ. ಹಿಡಿಯ ತಳಕ್ಕೆ ಒಂದು ಪಟ್ಟಿ ಕಟ್ಟಿ ಕುತ್ತಿಗೆಗೆ ಹಾಕಿಕೊಳ್ಳಿ, ಮೊಣಕೈ ಪಕ್ಕೆಗೆ ತಾಗುವಷ್ಟು ಉದ್ದ ಸಾಕು. ಭಾರ ಪಟ್ಟಿಗೆ ಹೋಗುತ್ತದೆ, ರಿಮೋಟ್ ಜಾರಿದರೂ ನೆಲಕ್ಕೆ ಬೀಳುವುದಿಲ್ಲ. ಥ್ರಾಟಲ್ ಮಿತಿಯನ್ನು ಈ ವಾರ 60ಕ್ಕೆ ಏರಿಸಿ ನೋಡಿ, ಮುಂದಿನ ಚಕ್ರ ಮತ್ತೆ ಬಲಕ್ಕೆ ಎಳೆಯಲು ಶುರುಮಾಡಿದರೆ 55ಕ್ಕೆ ಬನ್ನಿ.