ಸಹಾಯ ಬೇಕು: ಇಂಗ್ಲಿಷ್‌ನವರಿಗೆ ‘ಹಾಯ್’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಮೈಸೂರಿನ ಗೋಕುಲಂನಲ್ಲಿ ನಮ್ಮ ಮಹಡಿ ರೂಮನ್ನು ಯೋಗ ಕಲಿಯಲು ಬರುವ ವಿದೇಶಿಯರಿಗೆ ಬಾಡಿಗೆಗೆ ಕೊಡುತ್ತೇವೆ. ನನ್ನ ಇಂಗ್ಲಿಷ್ ಓದೋಕೆ ಪರವಾಗಿಲ್ಲ, ಮಾತಿಗೆ ನಿಂತರೆ ಎಡವಟ್ಟು.

ಮೊನ್ನೆ ರಾತ್ರಿ ಎಂಟಕ್ಕೆ ಬಂದವರಿಗೆ ಬಾಗಿಲಲ್ಲೇ ‘ಗುಡ್ ನೈಟ್’ ಅಂದೆ. ಪಾಪ, ಬ್ಯಾಗ್ ಹಿಡಿದು ಅಲ್ಲೇ ನಿಂತುಬಿಟ್ಟರು. ಅದು ಹೊರಡುವಾಗ, ಮಲಗುವಾಗ ಹೇಳೋದು, ಬಂದವರಿಗೆ ರಾತ್ರಿಯಾದರೂ ‘ಗುಡ್ ಈವ್ನಿಂಗ್’ ಅನ್ನಬೇಕು ಅಂತ ಮಗಳು ಆಮೇಲೆ ಹೇಳಿದಳು. ಇನ್ನೊಬ್ಬರಿಗೆ ಸುಮ್ನೆ ‘ಊಟ ಆಯ್ತಾ’ ಅನ್ನೋದನ್ನೇ ಇಂಗ್ಲಿಷ್‌ನಲ್ಲಿ ಕೇಳಿದೆ. ಊಟಕ್ಕೆ ಕರೆದೆ ಅಂದುಕೊಂಡು ಬಂದು ಕೂತರು! ಪುಣ್ಯಕ್ಕೆ ಬಸ್ಸಾರು ಇತ್ತು.

ಈಗ ವಿಷಯ. ಮುಂದಿನ ತಿಂಗಳು ಇಂಗ್ಲೆಂಡಿನಿಂದ ಅರವತ್ತು ದಾಟಿದ ಮೇಡಂ ಒಬ್ಬರು ಬರುತ್ತಿದ್ದಾರೆ. ನಾನು ಈಮೇಲ್‌ನಲ್ಲಿ ‘ಡಿಯರ್ ಮೇಡಂ’ ಅಂತ ಶುರು ಮಾಡಿ, ಸ್ಕೂಲಲ್ಲಿ ಕಲಿತಂತೆ ‘ಯುವರ್ಸ್ ಫೇತ್‌ಫುಲಿ’ ಅಂತ ಮುಗಿಸಿದೆ. ಅವರು ‘ಹಾಯ್’ ಅಂತ ನನ್ನ ಹೆಸರು ಹಾಕಿ, ಕೊನೆಗೆ ‘ಚಿಯರ್ಸ್’ ಅಂತ ಬರೆದಿದ್ದಾರೆ. ನಾನೂ ಹಾಗೇ ಬರೆಯಬಹುದಾ? ಅಷ್ಟು ದೊಡ್ಡವರನ್ನು ಹೆಸರು ಹಿಡಿದು ಕರೆಯೋಕೆ ನಾಲಿಗೆ ತಿರುಗಲ್ಲ ಅಲ್ವಾ?

ಇನ್ನೊಂದು. ‘ಹೌ ಆರ್ ಯೂ’ ಅಂದರೆ ಎಷ್ಟು ಹೇಳಬೇಕು? ನಾನು ಮಂಡಿ ನೋವಿನ ತನಕ ಹೋಗಿಬಿಡುತ್ತೇನೆ. ಗೊತ್ತಿರುವವರು ದಯವಿಟ್ಟು ತಿಳಿಸಿ.